ಇಮಾಮಸಾಬರು ಆರಿಸಿಕೊಟ್ಟ ಫ್ಲಾಪಿ

ಇಮಾಮಸಾಬರು ಸಿಟ್ಟನ್ನು ಉಪ್ಪಿನಕಾಯಿಯ ಹಾಗೆ ಹಾಕಿಡುತ್ತಿದ್ದರು, ಹಳತಾದಷ್ಟೂ ರುಚಿ. ಅವರ ಅಂಗಿಯ ತೋಳು ಗಿಡ್ಡ ಹೊಲಿದು, "ಅರಿವಿ ಕಡಿಮಿ ಬಿತ್ತು" ಎಂದಿದ್ದ ದರ್ಜಿ ನಾಲ್ಕು ವರ್ಷದ ಮೇಲೆ ಕರಪತ್ರ ಮಾಡಿಸಲು ಬಂದ. ಅವನ ಹೆಸರನ್ನು ಪ್ರೆಸ್ಸಿನಲ್ಲಿದ್ದ ಎಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ ಜೋಡಿಸಿದರು. ತಕರಾರು ತೆಗೆದದ್ದಕ್ಕೆ, "ಕಾಗದ ಕಡಿಮಿ ಬಿತ್ತರಿ" ಎಂದರು.

ಸವಣೂರಿನ ಆ ಪ್ರೆಸ್ಸಿನಲ್ಲಿ ಅವರು ಅಚ್ಚಿನ ಮೊಳೆ ಜೋಡಿಸುವವರು, ನಾನು ಕರಡು ತಿದ್ದುವವಳು. ಸೀಸದ ಅಕ್ಷರಗಳ ಮುಂದೆ ಇಪ್ಪತ್ತು ವರ್ಷ ನಿಂತು ಅವರ ಬೆನ್ನು ಬಾಗಿತ್ತು. ಎಂಬತ್ತರ ದಶಕದ ಕೊನೆಗೆ ಮಾಲೀಕ ವೀರಬಸಪ್ಪ ಹುಬ್ಬಳ್ಳಿಯ ಯಾವುದೋ ಆಫೀಸು ಬಳಸಿ ಬಿಟ್ಟಿದ್ದ ಕಂಪ್ಯೂಟರೊಂದನ್ನು ತಂದ. ಲಗ್ನಪತ್ರಿಕೆಗೆಂದು ಬಂದಿದ್ದ ಹತ್ತಿಮತ್ತೂರಿನವರ ಎದುರಿಗೇ, "ಇನ್ನ ಈ ಮುದುಕನ ಕೈ ಕಾಯೂದು ತಪ್ಪಿತು" ಎಂದು ನಕ್ಕ. ಇಮಾಮಸಾಬರು ಮುಂದಿನ ಮೊಳೆ ಹೆಕ್ಕಿದರು. ಹೊಸ ಭರಣಿ ತುಂಬಿತು ಎಂದುಕೊಂಡೆ.

ಪುಟ ಹೊಂದಿಸುವ ಸಾಫ್ಟ್‌ವೇರ್ ಮಾರಲು ಇಬ್ಬರು ಫ್ಲಾಪಿ ಹಿಡಿದು ಬಂದರು. ಒಬ್ಬನದರಲ್ಲಿ ಪುಟ ಹೇಗೆ ಅಚ್ಚಾಗುತ್ತದೋ ಹಾಗೆಯೇ ತೆರೆಯ ಮೇಲೆ ಕಾಣುತ್ತಿತ್ತು, ಅಂಚಿಗೆ ಹೂಬಳ್ಳಿ ಬೇರೆ. ಇನ್ನೊಬ್ಬನದರಲ್ಲಿ ಬರೀ ಸಾಲುಗಳು, ನಡುನಡುವೆ ಗುರುತುಗಳು. ಅಚ್ಚಾದ ಮೇಲೆಯೇ ಪುಟದ ಮುಖ ನೋಡಬೇಕು. ವೀರಬಸಪ್ಪನಿಗೆ ಎರಡೂ ತಲೆಗೆ ಹತ್ತಲಿಲ್ಲ. ಅಕ್ಷರ ಬಲ್ಲವರನ್ನೇ ಕೇಳಬೇಕಾಯಿತು. ಇಮಾಮಸಾಬರು ಇಬ್ಬರಿಂದಲೂ ಒಂದೊಂದು ಲಗ್ನಪತ್ರಿಕೆ ಮಾಡಿಸಿ, ಹೂಬಳ್ಳಿಯದಕ್ಕೆ ತಲೆದೂಗಿದರು.

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ನನಗೆ ಹೇಳಿದರು: "ಒಂದು ಪುಟ ತೆಗಿಯೂದ್ರಾಗನ ಆ ಮುದಿ ಪೆಟಗಿ ಏದುಸಿರು ಬಿಟ್ಟತರಿ ಅಕ್ಕಾರ. ಹತ್ತು ಪುಟ ಹೇರಿದ್ರ ಮಕ್ಕೊಂತೈತಿ. ಎರಡನೇದು ಗಟ್ಟಿ. ನಾ ಹೇಳಂಗಿಲ್ಲ. ನನ್ನ ಮೊಳಿ ಮುಂದ ಬಂದು ನಿಂದ್ರಲಿ ಅಂವ."

ನಾನೂ ಬಾಯಿ ಬಿಡಲಿಲ್ಲ. ಪ್ರೆಸ್ಸಿನ ಪ್ರತಿ ತಪ್ಪನ್ನೂ ನನ್ನ ತಲೆಗೆ ಕಟ್ಟುತ್ತಿದ್ದ ಮನುಷ್ಯ, ಮಾಡಿದ್ದುಣ್ಣಲಿ ಎನಿಸಿತು.

ವಾರದೊಳಗೆ ವೀರಬಸಪ್ಪ ಹೂಬಳ್ಳಿಯ ಫ್ಲಾಪಿ ಕೊಂಡು, ಅವರನ್ನು ಕೆಲಸದಿಂದ ಬಿಡಿಸಿದ. ತಿಂಗಳೊಪ್ಪತ್ತಿನಲ್ಲಿ ತಾನೇ ಕರೆಯುತ್ತಾನೆಂದು ನನ್ನ ಕಿವಿಯಲ್ಲಿ ಹೇಳಿ ಅವರು ನಗುತ್ತಲೇ ಹೋದರು.

ಸಹಕಾರಿ ಸಂಘವೊಂದರ ನಲವತ್ತು ಪುಟದ ವರದಿ ಬಂತು. ಒಂಬತ್ತನೆಯ ಪುಟಕ್ಕೆ ಕಂಪ್ಯೂಟರ್ ನಿಂತಿತು. ಮತ್ತೆ ಶುರು ಮಾಡಿದರೆ ಮತ್ತೆ ಅಲ್ಲೇ. ಸಭೆಯ ದಿನ ದಾಟಿಹೋಯಿತು. ಸಂಘದವರು ಬಂದು ಬೀದಿಗೆಲ್ಲ ಕೇಳುವಂತೆ ಬೈದರು. ನಾನು ಕರಡಿನ ಹಿಂದೆ ಮುಖ ಮುಚ್ಚಿಕೊಂಡು ಹೊಟ್ಟೆ ತುಂಬ ನಕ್ಕೆ. ಆ ಖುಷಿಗೆ ಈಗಲೂ ನಾಚಿಕೆಯಿಲ್ಲ.

ವೀರಬಸಪ್ಪ ತಾನೇ ಹೋಗಿ ಅವರನ್ನು ಕರೆತಂದ. ಇಮಾಮಸಾಬರು ಹಬ್ಬದ ಬಿಳಿ ಅಂಗಿ ತೊಟ್ಟು ಬಂದರು, ಯಾರನ್ನೂ ನೋಡದೆ ನೇರ ಮೊಳೆಯ ಖಾನೆಗಳಿದ್ದ ಒಳಕೋಣೆಗೆ ನಡೆದರು. ಅಲ್ಲಿ ಒಂದು ಮೊಳೆಯೂ ಇರಲಿಲ್ಲ. ಹೂಬಳ್ಳಿಯನ್ನು ನಂಬಿ ಮಾಲೀಕ ಅಷ್ಟೂ ಸೀಸವನ್ನು ಕರಗಿಸುವವರಿಗೆ ತೂಗಿ ಕೊಟ್ಟಿದ್ದ. ನನಗೆ ಗೊತ್ತಿತ್ತು, ಹೇಳಿಕಳಿಸುವ ಧೈರ್ಯ ಬಂದಿರಲಿಲ್ಲ. ಅವರನ್ನು ಕರೆಸಿದ್ದು ಎರಡನೆಯ ಫ್ಲಾಪಿ ತರಿಸಲೋ ಬೇಡವೋ ಎಂದು ಕೇಳಲಿಕ್ಕೆ ಮಾತ್ರ.

ಖಾಲಿ ಖಾನೆಗಳಲ್ಲಿ ಒಂದೆರಡಕ್ಕೆ ಬೆರಳು ಹಾಕಿ ತಡವಿದರು. ತರಿಸಿರಿ, ಅದು ಒಳ್ಳೆಯದು ಎಂದರು. ಹೊರಬಾಗಿಲ ತನಕ ನಾನು ಹೋದೆ. ನಾನು ಅವರನ್ನು ಕಂಡದ್ದು ಅದೇ ಕೊನೆ.

"ಇಪ್ಪತ್ತು ವರ್ಷದಾಗ ನನ್ನ ಒಂದು ಮಾತು ನಂಬಿದಾಂವಲ್ಲರಿ ಅಕ್ಕಾರ," ಎಂದರು ಚಪ್ಪಲಿ ಮೆಟ್ಟುತ್ತ. "ಈ ಸುಳ್ಳೊಂದನ್ನ ನಂಬಿಬಿಟ್ಟ."