ದಿಂಬು ಸಾಹೇಬರ ಹುಲಿಪತಂಗ

ಉದ್ಯಾನದ ಮೇಲ್ವಿಚಾರಕರನ್ನು ಮಾಲಿಗಳು ಬೆನ್ನ ಹಿಂದೆ ದಿಂಬು ಸಾಹೇಬರು ಎನ್ನುತ್ತಿದ್ದರು. ಒಂದು ಕಡ್ಡಿ ಎತ್ತಿ ಆಚೆಗಿಟ್ಟ ಮನುಷ್ಯರಲ್ಲ. ಮೇಜಿನ ಖಾನೆಯಲ್ಲಿ ಇದ್ದದ್ದು ಒಂದು ದಿಂಬು, ಒಂದು ಬಾಚಣಿಗೆ. ಎರಡಕ್ಕೂ ಬಿಡುವಿಲ್ಲದ ಕೆಲಸ. ಪಂಪ್‌ಹೌಸಿನ ಹಿಂದೆ ಸೊಂಟದೆತ್ತರ ಕಳೆ ಬೆಳೆದಿತ್ತು. ಅಲ್ಲಿಗೆ ಹೋಗಲು ಮೆಟ್ಟಿಲಿಳಿಯಬೇಕು, ಇಳಿದ ಮೇಲೆ ಹತ್ತಲೂಬೇಕು. ಅಷ್ಟು ಕಷ್ಟ ಯಾರಿಗೆ ಬೇಕೆಂದು ಸಾಹೇಬರು ನೌಕರಿಗೆ ಸೇರಿದಂದಿನಿಂದಲೂ ಅತ್ತ ತಲೆಹಾಕಿರಲಿಲ್ಲ.

ಹುಳುಹುಪ್ಪಟೆಯ ವಿದ್ಯೆ ಓದಿದ ಮೇಡಂ ಒಬ್ಬರು ಅಲ್ಲಿ ಹುಲಿಪತಂಗವನ್ನು ಕಂಡರು. ಕಪ್ಪು ರೆಕ್ಕೆ, ಮೇಲೆ ಬಿಳಿ ಪಟ್ಟೆ, ಒಳರೆಕ್ಕೆ ಕೆಂಪು. ಹೆಣ್ಣಿಗೆ ರೆಕ್ಕೆ ಹೆಸರಿಗಷ್ಟೇ, ಹಾರಲಾರದು. ಗೂಡೊಡೆದ ಜಾಗದಲ್ಲೇ ಮೊಟ್ಟೆಯಿಟ್ಟು ಸಾಯುತ್ತದೆ. ಮರಿ ಕಂಬಳಿಹುಳುಗಳು ಆ ಕಳೆಯನ್ನೇ ತಿಂದು ಬೆಳೆಯುತ್ತವೆ. ಮೇಡಂ ಸುತ್ತಲೆಲ್ಲ ಹುಡುಕಿದರೂ ಬೇರೆಲ್ಲೂ ಸಿಗಲಿಲ್ಲ.

"ಇದು ಉಳ್ದಿರೋದು ನಿಮ್ಮಿಂದ್ಲೇ ಸರ್. ಸೋಮವಾರ ನಮ್ಮ ಆಫೀಸಿನ ದೊಡ್ಡವರನ್ನ ಕರ್ಕೊಂಡ್ ಬರ್ತೀನಿ. ಅಲ್ಲೀವರೆಗೂ ಏನೂ ಮುಟ್ಬೇಡಿ."

ಮೊದಲ ಮಾತು ಕಿವಿಗೆ ಬಿದ್ದದ್ದೇ ಸಾಹೇಬರು ಉಬ್ಬಿಹೋದರು. ಮಿಕ್ಕದ್ದರಲ್ಲಿ ಕೇಳಿಸಿದ್ದು ದೊಡ್ಡವರು, ಸೋಮವಾರ, ಇಷ್ಟೇ.

ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿಗೆ ಹೇಳಿದರು. ಅವಳು ತಲೆಯೆತ್ತಲಿಲ್ಲ.

"ಈ ಮನೇಲಿ ನಿಮ್ಮಿಂದ ಒಂದು ತುತ್ತು ಉಳಿದಿಲ್ಲ, ಅಲ್ಲೇನು ಉಳೀತು?"

ಮದುವೆಯಾದ ಮೇಲೆ ಈ ಹೆಂಗಸಿನ ಬಾಯಲ್ಲಿ ಒಂದು ಒಳ್ಳೆಯ ಮಾತು ಕೇಳಿದವರಲ್ಲ ಅವರು. ಕೇಳುವಂಥದ್ದನ್ನು ಮಾಡಿಯೂ ಇರಲಿಲ್ಲ, ಅದು ಬೇರೆ. ಮೇಡಂ ಆಡಿದ ಮಾತನ್ನು ದೊಡ್ಡವರು ಇವಳ ಎದುರೇ ಆಡಬೇಕು. ಬದುಕಿನಲ್ಲಿ ಅದೊಂದು ಆದರೆ ಸಾಕು ಅನ್ನಿಸಿತು.

ಭಾನುವಾರ ಸಾಹೇಬರು ಕುಡುಗೋಲು ಹಿಡಿದರು. ಬರುವ ದೊಡ್ಡವರು ಕಳೆಯಲ್ಲಿ ನಿಲ್ಲುವುದೆಂದರೇನು! ಕೊಯ್ದರು, ಬುಡ ಕಿತ್ತರು, ಗುಡ್ಡೆ ಹಾಕಿ ಬೆಂಕಿಯಿಟ್ಟರು, ಗೋಡೆಗೆ ಸುಣ್ಣ ಬಳಿದು ಕುರ್ಚಿ ಹಾಕಿದರು. ಸೋಮಾರಿಗೆ ಹುಮ್ಮಸ್ಸು ಬಂದರೆ ಅದಕ್ಕಿಂತ ದೊಡ್ಡ ಅನಾಹುತವಿಲ್ಲ.

ಸೋಮವಾರ ಹೆಂಡತಿಯನ್ನೂ ಕರೆತಂದರು. ದೊಡ್ಡವರೊಡನೆ ಬಂದ ಮೇಡಂ ಮೆಟ್ಟಿಲ ಮೇಲೇ ನಿಂತುಬಿಟ್ಟರು.

"ಯಾರು ಕಿತ್ತಿದ್ದು ಇದನ್ನ?"

"ನಾನೇ ಮೇಡಂ. ಮಾಲಿಗಳನ್ನ ಹತ್ರಕ್ಕೂ ಸೇರಿಸ್ಲಿಲ್ಲ." ಬೊಬ್ಬೆಯೆದ್ದ ಅಂಗೈ ತೋರಿಸಿದರು.

"ಮೊಟ್ಟೆ, ಮರಿ ಅಷ್ಟೂ ಅದರಲ್ಲೇ ಇದ್ವು. ನೀವು ಯಾವತ್ತೂ ಕೈ ಹಾಕ್ಲಿಲ್ಲ ಅಂತ ತಾನೇ ಬದುಕಿದ್ವು," ಎಂದರು ಮೇಡಂ. ದೊಡ್ಡವರು ಬೂದಿಯನ್ನು ನೋಡಿದರು, ಸಾಹೇಬರನ್ನು ನೋಡಿದರು, ಕೂರದೆ ಹೊರಟರು.

ಚಾಚಿದ ಅಂಗೈ ಹಾಗೇ ಇತ್ತು. ಹೆಂಡತಿ ಅದನ್ನು ನೋಡುತ್ತ ಮೆಲ್ಲಗೆ ಹೇಳಿದಳು, "ಇಷ್ಟು ವರ್ಷ ಮಲಗಿದ್ರಿ. ಇನ್ನೊಂದು ದಿನ ಮಲಗೋಕಾಗ್ಲಿಲ್ವಾ?"