ತಂಗಿಗೆ ತೆಗೆಯದ ಬೇಲಿ

ನನ್ನ ತಂಗಿಯ ಮೊದಲ ಬಾಣಂತನ ತವರಲ್ಲಿ ಆಗಬೇಕಿತ್ತು. ನಾನು ಮಾಡಿಸಲಿಲ್ಲ. ಆಗಲಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ, ಅದು ಸುಳ್ಳು.

ಕೊರೋನಾ ಬಂದ ವರ್ಷ. ಕೋಡಿಹಳ್ಳಿ ಕಡೆಯ ನಮ್ಮೂರಿನ ದಾರಿಗೆ ಜಾಲಿಮುಳ್ಳು ಕಡಿದು ಬೇಲಿ ಹಾಕಿದ್ದೆವು. ಅದನ್ನು ಕಾಯಲು ಪಾಳಿ ಇತ್ತು. ಹಾಲಿನ ಡೈರಿ ಮುಂದೆ ಸುಣ್ಣದಲ್ಲಿ ಸುತ್ತು ಬರೆದು ಒಬ್ಬೊಬ್ಬರನ್ನೇ ನಿಲ್ಲಿಸುತ್ತಿದ್ದರು. ದೂರ ನಿಲ್ಲುವುದು, ಕೈಕಾಲು ತೊಳೆಯುವುದು ನಮಗೇನೂ ಹೊಸದಲ್ಲ. ರೇಷ್ಮೆ ಸಾಕುವವರು ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ನಾವೇ ಹೋದರೂ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ತುಳಿದೇ ಹೋಗಬೇಕು.

ತಂಗಿ, ಅವಳ ಗಂಡ ಇಬ್ಬರೂ ಹಾರೋಹಳ್ಳಿಯ ಫ್ಯಾಕ್ಟರಿ ಕೆಲಸದವರು. ಫ್ಯಾಕ್ಟರಿ ಮುಚ್ಚಿತ್ತು, ಅವಳಿಗೆ ಎಂಟು ತಿಂಗಳು ತುಂಬಿತ್ತು. ಊರ ಯಜಮಾನರನ್ನು ಕೇಳಿದೆ.

"ಬಸುರಿ ಹೆಂಗ್ಸು ಕಣ್ಲಾ, ಬರ್ಲಿ. ಹದಿನಾಲ್ಕು ದಿನ ಪಂಪ್‌ಸೆಟ್ ಮನೇಲಿರ್ಸು, ಆಮೇಲೆ ಕರ್ಕೊ."

ಆ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಅವ್ವನಿಗೂ.

ಕಾರಣ ಹಳೆಯದು. ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟು ಹುಳಕ್ಕೆ ಸೊಪ್ಪು ಕುಯ್ಯಲು ನಿಂತವನು. ಮಾಗಡಿ ಕಡೆಯ ಹೆಣ್ಣಿನವರು ನನ್ನನ್ನು ನೋಡಲು ಬಂದಾಗ, ಹುಡುಗ ಎಸ್ಸೆಸ್ಸೆಲ್ಸಿ ಎಂದು ಮನೆಯವರು ಹೇಳಿದ್ದರು. ಏಳನೇ ಕ್ಲಾಸಿನ ತಂಗಿ ಕಾಫಿ ತಂದವಳು ಕಿಸಕ್ಕನೆ ನಕ್ಕಳು. "ಎಸ್ಸೆಸ್ಸೆಲ್ಸಿನಾ? ನಮ್ಮಣ್ಣ ನಾಲ್ಕನೇ ಕ್ಲಾಸಿಗೇ ಬುಟ್ಬುಟ್ಟ!" ಬಂದವರು ಅರ್ಧ ಲೋಟ ಕಾಫಿ ಇಟ್ಟು ಎದ್ದರು. ಆಮೇಲೆ ಯಾವ ಸಂಬಂಧವೂ ಕೂಡಲಿಲ್ಲ. ನಾನು ಅವಳನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಒಳಗೆ ಇಟ್ಟುಕೊಂಡೆ.

ಬತ್ತೀನಿ ಎಂದು ಅವಳು ಫೋನ್ ಮಾಡಿದಾಗಲೇ ಬೇಡ ಎನ್ನಬಹುದಿತ್ತು. ಅನ್ನಲಿಲ್ಲ. ಅವಳು ಬಂದು ಬೇಲಿಯಾಚೆ ನನ್ನೆದುರು ನಿಲ್ಲಬೇಕಿತ್ತು. ಅವತ್ತಿನ ಪಾಳಿಯನ್ನು ಕೇಳಿ ಹಾಕಿಸಿಕೊಂಡೆ.

ಮಧ್ಯಾಹ್ನ ಗಂಡನ ಬೈಕಿನಿಂದ ಇಳಿದು ಸೊಂಟದ ಮೇಲೆ ಕೈಯಿಟ್ಟು ನಡೆದು ಬಂದಳು. ಬೇಲಿಗೆ ಹತ್ತು ಮಾರು ಇರುವಾಗ ತಾನಾಗಿಯೇ ನಿಂತಳು.

"ಅಣ್ಣಾ, ಹುಳ ಎಷ್ಟನೇ ಜ್ವರ?"

ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ, ಆಗ ಸೋಂಕು ಬೇಗ ತಗಲುತ್ತದೆ.

"ನಾಲ್ಕನೇದು."

"ಹಂಗಾರೆ ನಾ ಹತ್ರ ಬರಕಿಲ್ಲ. ಬೇಕಾರೆ ಪಂಪ್‌ಸೆಟ್ ಮನೇಲೇ ಇರ್ತೀನಿ."

"ಊರೋರು ಬ್ಯಾಡ ಅಂದವ್ರೆ."

"ಒಸಿ ಕೇಳಣ್ಣ."

"ಕೇಳ್ದೆ. ನಾಲ್ಕನೇ ಕ್ಲಾಸ್ನೋನ ಮಾತು ಯಾರು ಕೇಳ್ತಾರೆ?"

ಹದಿಮೂರು ವರ್ಷ ಕಾದು ಆಡಿದ ಮಾತು. ಅವಳಿಗೆ ಏನೂ ನೆನಪಾಗಲಿಲ್ಲ, ಪಿಳಿಪಿಳಿ ನೋಡಿದಳು. ಆದರೂ ನನ್ನ ಎದೆ ತಣ್ಣಗಾಯಿತು. ಮುಖದ ಬೆವರು ಒರೆಸಿಕೊಂಡೆ, ಹುಳದ ಮನೆಯಲ್ಲಿ ಕೈಗಂಟಿದ್ದ ಬ್ಲೀಚಿಂಗ್ ಪುಡಿ ಕಣ್ಣಿಗೆ ತಾಗಿ ನೀರು ಸುರಿಯಿತು.

"ಅಳಬ್ಯಾಡ ಬುಡಣ್ಣ, ನೀನೇನ್ ಮಾಡೀಯ," ಎಂದು ಅವಳೇ ಸಮಾಧಾನ ಹೇಳಿ ಬೈಕ್ ಹತ್ತಿದಳು.

ಯಜಮಾನರಿಗೆ, ಅವಳೇ ಬರಲ್ಲ ಅಂದಳು ಎಂದೆ. ಅವ್ವನಿಗೆ, ಯಜಮಾನರು ಒಪ್ಪಲಿಲ್ಲ ಎಂದೆ. ಅವ್ವ ಅವರಿಗೆ ಹಿಡಿಶಾಪ ಹಾಕಿ ಮಾತು ಬಿಟ್ಟಳು. ತಂಗಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತು, ಒಂಬತ್ತನೇ ದಿನಕ್ಕೆ ತನ್ನ ಶೀಟಿನ ಮನೆಯಲ್ಲಿ ನೀರಿನ ಕೊಡ ಎತ್ತಿದಳು. ಮಗು ಗಟ್ಟಿಯಾಗಿತ್ತು. ಅವಳ ಸೊಂಟ ಮಾತ್ರ ಇವತ್ತಿಗೂ ನೆಟ್ಟಗಿಲ್ಲ. ಆ ಸಲ ನನ್ನ ರೇಷ್ಮೆಗೂಡನ್ನು ರಾಮನಗರದ ಮಾರ್ಕೆಟ್ಟಿನಲ್ಲಿ ಎಲ್ಲರೂ ಹೊಗಳಿದರು. ನನಗೆ ಖುಷಿಯೇ ಆಯಿತು.

ಮರುವರ್ಷ ಮಗಳ ಕೂದಲು ತೆಗೆಸಲು ತಂಗಿ ಊರಿಗೆ ಬಂದಳು. ಯಜಮಾನರು ಒಂದು ಪುಟ್ಟ ಫ್ರಾಕು ಹಿಡಿದು ಜಗಲಿ ಹತ್ತಿದರು. ಅವಳು ಸೊಂಟ ಹಿಡಿದುಕೊಂಡೇ ಎದ್ದಳು.

"ಅದನ್ನ ನೀವೇ ಇಟ್ಕಳಿ. ಅವತ್ತು ಬೇಲಿ ತೆಗೀದೋರು ಇವತ್ತು ಯಾಕ್ ಬಂದ್ರಿ? ನಮ್ಮಣ್ಣ ಅತ್ಕೊಂಡು ನಿಂತಿದ್ದ."

ಯಜಮಾನರು ಏನೂ ತಿಳಿಯದೆ ನನ್ನ ಮುಖ ನೋಡಿದರು. ಇನ್ನೊಂದು ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವಳು ನನಗೋಸ್ಕರ ಜಗಳಕ್ಕೆ ನಿಂತಿದ್ದಳು.

"ಅವ್ರನ್ನ ಬಯ್ಬ್ಯಾಡ ಕಣವ್ವ," ಎಂದೆ. "ಅವ್ರು ಬರ್ಲಿ ಅಂದಿದ್ರು. ಬ್ಯಾಡ ಅಂದೋನು ನಾನು. ಚಿಕ್ಕೋಳಿದ್ದಾಗ ನೀನಾಡಿದ ಒಂದ್ ಮಾತಿಗೆ ಸೇಡು ತೀರಿಸ್ಕೊಂಡೆ. ನಾನು ಅಳ್ತಾನೂ ಇರ್ಲಿಲ್ಲ. ತಪ್ಪಾಯ್ತು ಕಣವ್ವ, ತಪ್ಪಾಯ್ತು."