ಅಂಚಿನ ಈಚೆ ಹತ್ತು, ಆಚೆ ಹದಿನೇಳು

ಆಗ ನನಗೆ ಎಪ್ಪತ್ತು. ಈಗ್ಗೆ ನಾಲ್ಕು ವರ್ಷದ ಹಿಂದಿನ ಮಾತು. ಮೊನ್ನೆ ಅಂಗಳದಲ್ಲಿ ಒಣಹಾಕಿದ್ದ ಹಲಸಿನ ಹಪ್ಪಳದ ಮೇಲೆ ಒಂದು ಚೆಂಡು ಬಂದು ಬಿತ್ತು. ಎತ್ತಿಕೊಂಡರೆ ಒಣಮಣ್ಣು, ಕೂಳೆ, ಸಗಣಿ ಎಲ್ಲ ಸೇರಿದ ವಾಸನೆ. ಬೈಯಲು ಬಾಯಿ ತೆರೆದವಳು ಆ ವಾಸನೆಗೆ ಹಳೆಯದೆಲ್ಲ ನೆನಪಾಗಿ ಹಾಗೇ ಕೂತೆ. ಹಪ್ಪಳ ಪುಡಿಯಾಯಿತು. ಹೋಗಲಿ, ಹೇಗೂ ಉಪ್ಪು ಜಾಸ್ತಿಯಾಗಿತ್ತು.

ಮೊದಲೇ ಹೇಳಿಬಿಡುತ್ತೇನೆ, ನಾನು ಕಲಿತದ್ದು ಎರಡನೇ ಕ್ಲಾಸು. ಅಕ್ಷರ ಕೂಡಿಸಿ ಒಂದು ಹೆಸರು ಓದುವಷ್ಟರಲ್ಲಿ ಅನ್ನ ಸೀದಿರುತ್ತದೆ. ಅಂಕಿ ಮಾತ್ರ ಚೆನ್ನಾಗಿ ಬರುತ್ತದೆ. ಹಾಗಾಗಿ ನಮ್ಮ ದೇಶದ ಹೆಂಗಸರ ಫುಟ್ಬಾಲ್ ತಂಡದವರೆಲ್ಲ ನನಗೆ ನಂಬರಿನಲ್ಲೇ ಪರಿಚಯ. ಮೊಮ್ಮಗಳು ನಯನ ಪೇಪರಿನಿಂದ ಅವರ ಫೋಟೋ ಕತ್ತರಿಸಿ ಭತ್ತದ ಪಣತದ ಬಾಗಿಲಿಗೆ ಅಂಟಿಸಿದ್ದಳು. ಭತ್ತ ತೆಗೆಯಲು ಹೋದಾಗಲೆಲ್ಲ ಅವರ ಮುಖ ನೋಡಿಯೇ ಬಾಗಿಲು ತೆಗೆಯಬೇಕು. ಮೇಲಿನ ಸಾಲಿನಲ್ಲಿ ಹಳಬರು. ಒಂದನೇ ನಂಬರಿನವಳು ಗೋಲು ಕಾಯುವವಳು; ಹಾರಿದರೆ ಈ ಕಂಬದಿಂದ ಆ ಕಂಬಕ್ಕೆ. ನಾಲ್ಕು, ಮಗು ಹೆತ್ತ ಮೇಲೆ ತಿರುಗಿ ಆಡಲು ಬಂದವಳು. ಹತ್ತು, ಇವರೆಲ್ಲರ ನಾಯಕಿ. ಕೆಳಗಿನ ಸಾಲಿನಲ್ಲಿ ಎಳೆಯರು. ಅವರಲ್ಲಿ ಹದಿನೇಳು ಎಂಬ ಕಡ್ಡಿಯಂಥ ಹುಡುಗಿ. ಯಾವುದೋ ಗುಡ್ಡದ ಊರಿನವಳು, ಗದ್ದೆಬಯಲಿನಲ್ಲಿ ಬರಿಗಾಲಲ್ಲಿ ಆಡಿ ಕಲಿತವಳಂತೆ.

"ಉದಯೋನ್ಮುಖ ತಾರೆ ಅಂತ ಪೇಪರಲ್ಲಿ ಹಾಕಿದಾರೆ ಅಜ್ಜಿ" ಅಂದಳು ನಯನ.

"ತಾರೆ ಆಮೇಲೆ ಆಗ್ಲಿ. ಮೊದ್ಲು ಎರಡು ತುತ್ತು ಜಾಸ್ತಿ ಉಣ್ಣಕ್ಕೆ ಹೇಳು ಅದಕ್ಕೆ" ಅಂದೆ.

ನನಗೆ ಹತ್ತೇ ಸರಿ. ನಟ್ಟಿಗದ್ದೆಯಲ್ಲಿ ಸಾಲಿನ ತಲೆಗೆ ನಿಲ್ಲುವ ಹೆಂಗಸು ಒಬ್ಬಳಿರುತ್ತಾಳಲ್ಲ, ತಾನು ನೆಡುತ್ತಲೇ ಉಳಿದವರು ಹಿಂದೆ ಬಿದ್ದರಾ ಅಂತ ಓರೆಗಣ್ಣಲ್ಲಿ ನೋಡುವವಳು, ಹತ್ತು ಹಾಗೆ. ಮೂವತ್ತು ವರ್ಷ ನಮ್ಮೂರಿನಲ್ಲಿ ಆ ಜಾಗದಲ್ಲಿ ನಿಂತವಳು ನಾನು. ಜಂಬ ಅಂದುಕೊಂಡರೆ ಅಂದುಕೊಳ್ಳಿ.

ಈಗ ಚೌಡಮ್ಮನ ವಿಷಯ ಹೇಳಬೇಕು. ಚೌಡಮ್ಮ ನನ್ನ ವಾರಗಿತ್ತಿ, ಮೈದುನನ ಹೆಂಡತಿ. ಗೇಣಿಗೆ ಮಾಡುತ್ತಿದ್ದ ಗದ್ದೆ ನಮ್ಮ ಹೆಸರಿಗಾದ ಮೇಲೆ ಅಣ್ಣತಮ್ಮಂದಿರು ಪಾಲಾದರು. ಎರಡು ಮನೆ, ಗದ್ದೆಯ ನಡುವೆ ಒಂದು ಮಣ್ಣಿನ ಅಂಚು. ಗಂಡಸರಿಬ್ಬರೂ ಹೋದರು, ಅಂಚು ಉಳಿಯಿತು. ಪ್ರತಿ ಮಳೆಗಾಲ ಹುಲ್ಲು ತೆಗೆಯುವ ನೆಪದಲ್ಲಿ ನಾನು ಈಚೆಯಿಂದ ಒಂದು ಬೆರಳು ಅಂಚು ಕೆತ್ತಿದರೆ ಅವಳು ಆಚೆಯಿಂದ ಎರಡು ಬೆರಳು ಕೆತ್ತುವಳು. ಮುಂದಿನ ವರ್ಷ ನಾನು ಮೂರು. ಮಣ್ಣಿನ ವಿಷಯದಲ್ಲಿ ನಾನು ಬಿಡುವವಳಲ್ಲ. ತವರಿನ ಗದ್ದೆ ಲಿಂಗನಮಕ್ಕಿ ಡ್ಯಾಮಿನ ನೀರಿನಡಿ ಹೋದದ್ದನ್ನು ಕಣ್ಣಾರೆ ಕಂಡವಳು. ಕೊನೆಗೆ ಅಂಚು ಮುದಿ ಎತ್ತಿನ ಬೆನ್ನೆಲುಬಿನ ಹಾಗಾಯಿತು, ನಮ್ಮಿಬ್ಬರಿಗೂ ಮಾತು ನಿಂತಿತು.

ಆ ವರ್ಷ ನಯನಳ ಶಾಲೆಯ ಬಯಲಿನಲ್ಲಿ ಹೊಸ ಕಟ್ಟಡ ಎದ್ದಿತು. ಹುಡುಗಿಯರು ಕೊಯ್ಲಾದ ನಮ್ಮ ಗದ್ದೆಗೆ ಆಡಲು ಬಂದರು. ಬೇಸಿಗೆಯಲ್ಲಿ ಖಾಲಿ ಬಿದ್ದಿರುವ ಗದ್ದೆ, ನಾನೇನು ಬೇಡ ಅನ್ನಲಿಲ್ಲ. ಒಂದು ದಿನ ಅವರ ಪಿ.ಟಿ. ಟೀಚರ್ ಬಂದರು, ತೀರ್ಥಹಳ್ಳಿ ಕಡೆಯವರು. "ಶಿವಮೊಗ್ಗದಲ್ಲಿ ಜಿಲ್ಲಾ ತಂಡಕ್ಕೆ ಆಯ್ಕೆ ಇದೆ ಅಮ್ಮ. ಹೋದ ವರ್ಷ ನಮ್ಮ ಮಕ್ಕಳು ದೊಡ್ಡ ಮೈದಾನದಲ್ಲಿ ಅರ್ಧಕ್ಕೇ ಸುಸ್ತಾಗಿ ಕೂತುಬಿಟ್ರು. ಉದ್ದಕ್ಕೆ ಓಡಿ ಅಭ್ಯಾಸ ಇಲ್ಲ. ಈ ಎರಡು ಗದ್ದೆ ಒಂದು ಮಾಡಿ, ಆ ಕಡೆ ಎಮ್ಮೆ ಹೊರಳೋ ಗುಂಡಿ ಮುಚ್ಚಿದ್ರೆ ಸಾಕು."

"ಅವಳನ್ನ ಕೇಳಿ" ಅಂದೆ.

ಅವರು ಬೇಲಿ ದಾಟಿ ಹೋಗಿ ಕೇಳಿದರು. ನನಗೆ ಕೇಳಲೆಂದೇ ಚೌಡಮ್ಮ ಗಟ್ಟಿಯಾಗಿ ಹೇಳಿದಳು: "ಅಕ್ಕ ಮೊದ್ಲು ಗುದ್ದಲಿ ಹಿಡೀಲಿ, ಆಮೇಲೆ ನೋಡಾಣ."

ನಾನು ಮೊದಲು ಹಿಡಿಯುವುದೇ? ಟೀಚರ್ ಪಾಪ ಬೇಲಿಯ ಆಚೆ ಈಚೆ ಓಡಾಡಿ ವಾಪಸು ಹೋದರು. ಅದೇ ವಾರ ಚೆಂಡಿನ ಹಿಂದೆ ಓಡಿದ ನಯನ ಅಂಚು ಎಡವಿ ಬಿದ್ದು ಕಾಲು ಊದಿಸಿಕೊಂಡಳು. ನಾನು ಉಪ್ಪಿನ ಶಾಖ ಕೊಟ್ಟರೆ ಕಾಲು ಎಳೆದುಕೊಂಡು ಅಂದಳು, "ಕಾಲು ವಾಸಿ ಆಗುತ್ತೆ ಅಜ್ಜಿ. ನಿಮ್ಮಿಬ್ರಿಗೆ ಎಂತ ಶಾಖ ಕೊಡೋದು ಹೇಳು." ಮಾತಿನಲ್ಲಿ ನನ್ನದೇ ಮೊಮ್ಮಗಳು.

ಆ ಭಾನುವಾರ ಮಧ್ಯಾಹ್ನ ದೇಶದ ತಂಡದ ಆಟ ಇತ್ತು. ಗ್ರಹಚಾರಕ್ಕೆ ಮಂಗ ಬಂದು ನಮ್ಮ ಡಿಶ್ಶಿನ ತಟ್ಟೆ ಮಗುಚಿ ಹಾಕಿತ್ತು. ನಯನ ಕುಂಟುತ್ತ ಚೌಡಮ್ಮನ ಮನೆಗೆ ಹೊರಟಳು. ಕುಂಟುವ ಹುಡುಗಿಯನ್ನು ಒಬ್ಬಳೇ ಕಳಿಸಲಾಗುತ್ತದೆಯೇ? ಕೈ ಹಿಡಿದು ಹೋದೆ, ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತೆ. ಚೌಡಮ್ಮ ನನಗೇನೂ ಹೇಳಲಿಲ್ಲ. ಟಿವಿಗೆ ಹೇಳಿದಳು.

"ಈ ಹತ್ತು ಎಂತಕ್ಕೆ ಇನ್ನೂ ಆಡ್ತದೆ? ಮನೇಲಿ ಕೂರಬಾರ್ದಾ? ಹದಿನೇಳು ನೋಡು, ಜಿಂಕೆ ಜಿಂಕೆ."

"ನಯನ, ಜಿಂಕೆಗೆ ಓಡದು ಮಾತ್ರ ಗೊತ್ತು, ದಾರಿ ಗೊತ್ತಿಲ್ಲ ಅನ್ನು ನಿಮ್ಮ ಸಣ್ಣಜ್ಜಿಗೆ" ಅಂದೆ.

"ನಾನೆಂತ ಪೋಸ್ಟ್‌ಮ್ಯಾನಾ?" ಅಂದಳು ನಯನ.

ಆಟ ಮುಗಿಯುತ್ತ ಬಂದಿತ್ತು, ಎರಡು ಕಡೆಗೂ ಗೋಲಿಲ್ಲ. ಹತ್ತರ ಕಾಲಿಗೆ ಚೆಂಡು ಬಂತು. ಎದುರಿಗೆ ಗೋಲು. ಒಂದು ಒದೆ ಒದ್ದಿದ್ದರೆ ಅವಳ ಹೆಸರಿಗೇ ಆಗುತ್ತಿತ್ತು. ಆದರೆ ಅವಳು ಓರೆಗಣ್ಣಲ್ಲಿ ಪಕ್ಕಕ್ಕೆ ನೋಡಿ ಮೆಲ್ಲಗೆ ಚೆಂಡು ತಳ್ಳಿದಳು. ಹದಿನೇಳು ಓಡಿ ಬಂದು ಹೊಡೆದೇಬಿಟ್ಟಿತು.

"ನಂದು! ನನ್ನ ಹುಡುಗಿ!" ಚೌಡಮ್ಮ ಎದ್ದು ನಿಂತಳು.

"ಚೆಂಡು ಕೊಟ್ಟವಳು ಯಾರೇ?" ನಾನೂ ಎದ್ದಿದ್ದೆ. ಟಿವಿಗಲ್ಲ, ಅವಳಿಗೇ ಹೇಳಿದ್ದೆ.

ಅಷ್ಟರಲ್ಲಿ ಮೈದಾನದ ಅಂಚಿನಲ್ಲಿ ಯಾರೋ ಹಲಗೆ ಎತ್ತಿ ಹಿಡಿದರು. ಅದರಲ್ಲಿ ಕೆಂಪಗೆ ಹತ್ತು. ಅವಳು ತೋಳಿನ ಪಟ್ಟಿ ಬಿಚ್ಚಿ ಕೊಟ್ಟು ಕುಂಟುತ್ತ ಹೊರಗೆ ನಡೆದಳು. ನಾನು ತಿರುಗಿ ಗೋಡೆಗೆ ಒರಗಿ ಕೂತೆ. ಚೌಡಮ್ಮನಿಗೆ ಮಾತ್ರ ರೇಗಿತು. "ಗೋಲಿಗೆ ಚೆಂಡು ಕೊಟ್ಟವಳನ್ನೇ ಹೊರಗೆ ಹಾಕ್ತಾರಲ್ಲೇ! ಇವ್ರ ಕೈ ಸೇದಿಹೋಗ! ಅವಳಿದ್ದಿದ್ಕೆ ಅಲ್ದಾ ಆ ಕಡ್ಡಿ ಹೊಡ್ದಿದ್ದು?"

"ಹೊರಗೆ ಹಾಕಿದ್ದಲ್ಲ ಸಣ್ಣಜ್ಜಿ, ಸುಸ್ತಾಗಿದೆ ಅಂತ ಕೂರಿಸ್ತಾರೆ" ಅಂದಳು ನಯನ.

"ಎಂತದೇ ಇರ್ಲಿ, ಸರಿಯಲ್ಲ" ಅಂದು ಚೌಡಮ್ಮ ಒಳಗೆ ಹೋದಳು. ಬರುವಾಗ ಕೈಯಲ್ಲಿ ಮಜ್ಜಿಗೆ ಲೋಟ ಇತ್ತು. ನನ್ನ ಮುಂದೆ ಕುಕ್ಕಿದಳು. ಕುಡಿದೆ. ನೀರು ಮಜ್ಜಿಗೆ, ಮೊದಲಿನಿಂದಲೂ ಅವಳ ಕೈ ಹಾಗೇ.

ಮೊನ್ನೆ ಟಿವಿಯಲ್ಲಿ ನೋಡಿದೆವು, ಈಗ ಹತ್ತನೇ ನಂಬರಿನ ಅಂಗಿ ಆ ಹದಿನೇಳರ ಮೈಮೇಲಿದೆ. "ಈಗಿವಳು ನಿನ್ನವಳೋ ನನ್ನವಳೋ ಅಕ್ಕ?" ಅಂತ ಚೌಡಮ್ಮನಿಗೆ ದೊಡ್ಡ ಚಿಂತೆ. ನಯನ ಆ ವರ್ಷವೇ ಜಿಲ್ಲಾ ತಂಡಕ್ಕೆ ಆಯ್ಕೆಯಾದಳು. ಈಗ ಸಾಗರದಲ್ಲಿ ಕಾಲೇಜು, ಆಟ ಬಿಟ್ಟಿಲ್ಲ. ದೇಶಕ್ಕೆ ಆಡುತ್ತಾಳಾ ಅಂತ ಕೇಳಬೇಡಿ. ಸಸಿಗೆಂದು ಅಗೆ ಹಾಕಿದ ಮಾರನೇ ದಿನ ಭತ್ತ ಅಳೆಯಲು ಕೊಳಗ ಹಿಡಿದು ಹೋಗುವವರು ಉಂಟೇ? ಹಪ್ಪಳದ ಮೇಲೆ ಬಿದ್ದ ಚೆಂಡು ಅವಳದಲ್ಲ, ಅವಳ ನಂತರದ ಹುಡುಗಿಯರದು. ಅವರಿಗೆ ವಾಪಸು ಎಸೆದೆ. ಮುಂಗಾರಿಗೆ ಮುಂಚೆ ನಾವಿಬ್ಬರೂ ಅಂಚು ಕಟ್ಟುತ್ತೇವೆ, ಕೊಯ್ಲಾದ ಮೇಲೆ ಬಿಚ್ಚುತ್ತೇವೆ. ಕಟ್ಟುವಾಗ ಬೈದಾಡುವುದೂ ಇದೆ.

ಈ ಕಟ್ಟಿ ಬಿಚ್ಚುವುದು ಶುರುವಾದದ್ದು ನಾಲ್ಕು ವರ್ಷದ ಹಿಂದೆ, ಆ ಭಾನುವಾರದ ಮರುದಿನ. ಬೆಳಿಗ್ಗೆ ದನ ಬಿಡುವ ಮೊದಲೇ ಗುದ್ದಲಿ ಹಿಡಿದು ಗದ್ದೆಗೆ ಹೋದೆ. ಅಂಚಿಗೆ ಮೊದಲ ಏಟು ಹಾಕಿದ್ದೇ ತಡ, ಚೌಡಮ್ಮ ಕೈಯಲ್ಲಿದ್ದ ಪೊರಕೆ ಸಮೇತ ಓಡಿ ಬಂದಳು.

"ಬೆಳಗ್ಗೆ ಬೆಳಗ್ಗೆ ಮತ್ತೆ ಕೆತ್ತಕ್ಕೆ ಬಂದ್ಯಾ ಅಕ್ಕ?"

"ಕೆತ್ತಕ್ಕಲ್ಲ ಮಾರಾಯ್ತಿ, ತೆಗೆಯಕ್ಕೆ. ಪೊರಕೆ ಎಸೆದು ಬುಟ್ಟಿ ತಗಂಡು ಬಾ."

ಅವಳು ಪೊರಕೆ ಬಿಸಾಕಿ ಬುಟ್ಟಿ ತಂದಳು. "ಮಣ್ಣು ಯಾರ ಕಡೆ ಹಾಕ್ತಿ?" ಅಂದಳು.

ಅವಳು ತಂದ ಬುಟ್ಟಿ ತುಂಬಿಸಿ, ತಲೆ ಮೇಲೆ ಹೊತ್ತು, ಅಂಚು ದಾಟಿ ಹೋಗಿ ಅವಳ ಕಡೆಯ ಎಮ್ಮೆಗುಂಡಿಗೆ ಸುರಿದೆ.